‘ಫ್ಲ್ಯಾಕ್’ ಪದದ ಬಗ್ಗೆ ಸ್ಪಷ್ಟನೆ

ಹೋದ ವಾರ ನಾನೇ ಬರೆದ ಟಿಪ್ಪಣಿಯೊಂದು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ: ‘ಇಂಗ್ಲಿಷಿನ ಫ್ಲ್ಯಾಕ್ ಅಂದರೆ ಕಟುಟೀಕೆ, ಚಕ್ಕೆ ಎಂಬರ್ಥದ ಫ್ಲೇಕ್‌ನಿಂದ ಬಂದದ್ದು.’ ಅರ್ಥ ಸರಿ, ಮೂಲ ತಪ್ಪು.

ಅದು ಜರ್ಮನ್ ಪದ. ವಿಮಾನ ಹೊಡೆದುರುಳಿಸುವ ಫಿರಂಗಿಗೆ ಅವರಲ್ಲಿ ‘ಫ್ಲೀಗರ್‌ಆಬ್ವೇರ್‌ಕಾನೋನೆ’ ಎಂಬ ಮಾರುದ್ದದ ಹೆಸರು. ಅದರಿಂದ ಫ್ಲ್, ಆ, ಕ್ ಹೆಕ್ಕಿ ಮಾಡಿದ ಸಂಕ್ಷೇಪ. ಎರಡನೇ ಮಹಾಯುದ್ಧದಲ್ಲಿ ಬಾಂಬರ್‌ಗಳ ಸುತ್ತ ಕಪ್ಪು ಹೊಗೆಯುಂಡೆಗಳಾಗಿ ಸಿಡಿಯುತ್ತಿದ್ದ ಗುಂಡುಗಳಿಗೂ ಅದೇ ಹೆಸರು. ಟೀಕೆಯ ಅರ್ಥ ಬಂದದ್ದು ಆಮೇಲೆ. ನಾವೂ ‘ವಾಗ್ದಾಳಿ’ ಅನ್ನುವುದಿಲ್ಲವೇ, ಹಾಗೆ.

ಆಕ್ಸ್‌ಫರ್ಡ್, ಮೆರಿಯಂ-ವೆಬ್‌ಸ್ಟರ್ ನಿಘಂಟುಗಳೆರಡರಲ್ಲೂ ಇದೇ ವ್ಯುತ್ಪತ್ತಿ ಇದೆ. ನಾನು ಮೊದಲೇ ತೆರೆದು ನೋಡಬೇಕಿತ್ತು. ಹಳೆಯ ಟಿಪ್ಪಣಿಯನ್ನು ದಯವಿಟ್ಟು ಮುಂದೆ ಕಳಿಸಬೇಡಿ.