ಅಲ್ಲಿ ಹೀಟು, ಇಲ್ಲಿ ಅಲರ್ಜಿ

ಊರು ಬಿಟ್ಟು ವಿದೇಶಕ್ಕೆ ಬಂದ ಮೊದಲ ವರ್ಷ ಕ್ಲಿನಿಕ್ಕಿನಲ್ಲಿ ಒಂದು ಫಾರಂ ಕೊಟ್ಟರು. ‘ಯಾವುದಾದರೂ ಔಷಧಿಗೆ ಅಲರ್ಜಿ ಇದೆಯಾ?’ ಅಂತ ಒಂದು ಖಾನೆ. ಹಿಂದೆಮುಂದೆ ನೋಡದೆ ‘ಪೆನ್ಸಿಲಿನ್’ ಅಂತ ಬರೆದೆ. ಚಿಕ್ಕಂದಿನಿಂದ ಮನೆಯಲ್ಲಿ ಕೇಳಿದ ಮಾತು ಅದು: ಇವನಿಗೆ ಆ ಮಾತ್ರೆ ಆಗಿಬರಲ್ಲ, ಹೀಟಾಗುತ್ತೆ. ಹೀಟಿಗೆ ಫಾರಂನಲ್ಲಿ ಖಾನೆ ಇರಲಿಲ್ಲ. ಹಾಗಾಗಿ ಅದು ಅಲರ್ಜಿ ಆಯಿತು. ಮುಂದೆ ಹನ್ನೊಂದು ವರ್ಷ ಗಂಟಲು ನೋವಿಗೂ, ಹಲ್ಲಿನ ಕೀವಿಗೂ ನನಗೆ ಬೇರೆಯದೇ ಮಾತ್ರೆ.

ಎರಡೂ ಕಡೆ ಬದುಕಿದವನಾಗಿ ಹೇಳ್ತೀನಿ, ಎರಡೂ ಕಡೆಯ ತಪ್ಪು ಒಂದೇ. ನಾವು ಎಲ್ಲದಕ್ಕೂ ಹೀಟು ಅಂತೀವಿ. ಬಾಯಿ ಹುಣ್ಣಾದರೂ, ಬೇಧಿಯಾದರೂ, ಮೈಮೇಲೆ ಗಂದೆ ಎದ್ದರೂ ಹೀಟೇ. ಇಲ್ಲಿನವರು ಅದಕ್ಕೆಲ್ಲ ಅಲರ್ಜಿ ಅಂತಾರೆ. ಹೀಟು ಅಂದವರು ಡಾಕ್ಟರಿಗೆ ಏನೂ ಹೇಳದೆ ಮೂರನೇ ದಿನಕ್ಕೆ ಮಾತ್ರೆ ಬಿಡುತ್ತಾರೆ. ಅಲರ್ಜಿ ಅಂದವರು ಆ ಮಾತ್ರೆಯನ್ನು ಜೀವಮಾನಕ್ಕೇ ಬಿಡುತ್ತಾರೆ. ಏನಾಯಿತು, ಯಾವಾಗ ಆಯಿತು ಅಂತ ಇಬ್ಬರೂ ಹೇಳಲ್ಲ.

ನಾನು ಹೇಳ್ತಿರೋದು ಅಮಾಕ್ಸಿಸಿಲಿನ್ ಬಗ್ಗೆ. ಪೆನ್ಸಿಲಿನ್ ಮನೆತನದ ಆಂಟಿಬಯಾಟಿಕ್, 1970ರ ದಶಕದಿಂದ ಬಳಕೆಯಲ್ಲಿದೆ. ಕಿವಿ, ಗಂಟಲು, ಹಲ್ಲು, ಎದೆಯ ಸೋಂಕಿಗೆಲ್ಲ ಕೊಡುತ್ತಾರೆ. ಕ್ಲಾವುಲನೇಟ್ ಅನ್ನೋ ಜೊತೆಗಾರನನ್ನು ಸೇರಿಸಿದರೆ ಅದೇ 625ರ ಮಾತ್ರೆ. ಅದರಲ್ಲಿ 500 ಮಿಲಿಗ್ರಾಂ ಅಮಾಕ್ಸಿಸಿಲಿನ್, 125 ಮಿಲಿಗ್ರಾಂ ಕ್ಲಾವುಲನೇಟ್. 375ರ ಮಾತ್ರೆಯಲ್ಲೂ ಕ್ಲಾವುಲನೇಟ್ ಅಷ್ಟೇ ಇರುತ್ತೆ, 125. 625 ಮುಗಿದಿದೆ ಅಂತ 375ರವು ಎರಡು ನುಂಗಿದರೆ ಅಮಾಕ್ಸಿಸಿಲಿನ್ ಸರಿಹೋಗುತ್ತೆ, ಕ್ಲಾವುಲನೇಟ್ ಡಬಲ್ ಆಗುತ್ತೆ. ಹೊಟ್ಟೆ ಕೆಡಿಸೋದರಲ್ಲಿ ಅದರದೇ ಮೇಲುಗೈ. ಈ ಲೆಕ್ಕ ಗೊತ್ತಿಲ್ಲದೆ ನಾನೇ ಒಮ್ಮೆ ಹಾಗೆ ನುಂಗಿ ಕೂತಿದ್ದೆ. (ಅಲರ್ಜಿ ಅಂತ ಬರೆದ ಮೇಲೂ ನುಂಗಿದೆ ಅಂದುಕೊಳ್ಳಬೇಡಿ. ಅದು ಈಚೆಗಿನ ಕಥೆ.)

ಹೊಟ್ಟೆಯ ವಿಷಯ ಬೇಗ ಮುಗಿಸ್ತೀನಿ. ಓಕರಿಕೆ, ದಿನಕ್ಕೆ ಒಂದೆರಡು ಸಲ ತೆಳ್ಳಗೆ ಹೋಗೋದು, ಇವೆರಡೂ ತುಂಬಾ ಸಾಮಾನ್ಯ. ಮಾತ್ರೆ ಕೆಟ್ಟ ಬ್ಯಾಕ್ಟೀರಿಯಾ ಯಾವುದು, ಕರುಳಲ್ಲಿ ಸುಮ್ನೆ ಇರೋ ಒಳ್ಳೆಯದು ಯಾವುದು ಅಂತ ನೋಡಲ್ಲ, ಎರಡನ್ನೂ ಹೊಡೆಯುತ್ತೆ. ಕ್ಲಾವುಲನೇಟ್ ಇರೋ ಮಾತ್ರೆಯನ್ನು ಊಟ ಶುರು ಮಾಡುವಾಗಲೇ ತಗೊಂಡರೆ ಹೊಟ್ಟೆಗೆ ಹಿತ, ಮೈಗೂ ಚೆನ್ನಾಗಿ ಹತ್ತುತ್ತೆ. ನೀರು, ಓಆರ್‌ಎಸ್ ಕುಡಿಯುತ್ತಿರಬೇಕು. ಒಂದು ಹೊತ್ತು ಮರೆತರೆ ನೆನಪಾದಾಗ ತಗೋಬಹುದು. ಆದರೆ ಮುಂದಿನದರ ಜೊತೆ ಸೇರಿಸಿ ಎರಡು ನುಂಗಬಾರದು. ಹೊಟ್ಟೆ ಸ್ವಲ್ಪ ಗೊಳಗೊಳ ಅಂದ ಮಾತ್ರಕ್ಕೆ ಅದು ಅಲರ್ಜಿ ಅಲ್ಲ, ಕೋರ್ಸ್ ಬಿಡೋ ಕಾರಣವೂ ಅಲ್ಲ.

ಚರ್ಮದ ವಿಷಯಕ್ಕೆ ಬಂದರೆ ನಿಧಾನವಾಗಿ ನೋಡಬೇಕು. ಯಾಕಂದ್ರೆ ಜನ ಎಡವೋದು ಇಲ್ಲೇ.

ನನ್ನ ಫಾರಂ ನೋಡಿದ ಹೊಸ ಡಾಕ್ಟರೊಬ್ಬರು ಕೇಳಿದರು, ‘ಏನಾಗಿತ್ತು? ಮಾತ್ರೆ ಶುರು ಮಾಡಿದ ಎಷ್ಟನೇ ದಿನ? ತುರಿಕೆ ಇತ್ತಾ?’ ನನಗೇನು ಗೊತ್ತು! ಅಲ್ಲೇ ಕೂತು ಅಮ್ಮನಿಗೆ ಫೋನ್ ಮಾಡಿದೆ.

‘ಹೀಟ್ ಆಗಿತ್ತು ಕಣೋ.’

‘ಅದು ಗೊತ್ತಮ್ಮ. ಮೈಮೇಲೆ ಏನು ಬಂದಿತ್ತು ಹೇಳು.’

‘ಕೆಂಪಗೆ ಚುಕ್ಕಿಚುಕ್ಕಿ. ಮೊದಲು ಎದೆ, ಬೆನ್ನು, ಆಮೇಲೆ ಕೈಕಾಲು. ಔಷಧಿ ಬಾಟ್ಲಿ ಇನ್ನೇನು ಮುಗಿಯೋದ್ರಲ್ಲಿತ್ತು. ನೀನು ಆರಾಮಾಗಿ ಆಡ್ಕೊಂಡಿದ್ದೆ. ನಂಗೇ ಗಾಬರಿ.’

‘ಕೆರ್ಕೋತಿದ್ನಾ?’

‘ಇಲ್ಲಪ್ಪ. ನಾಕೈದು ದಿನಕ್ಕೆ ತಾನೇ ಹೋಯ್ತು.’

ಇಷ್ಟನ್ನು ತಿರುಗಿಸಿ ಹೇಳಿದ ಕೂಡಲೇ ಡಾಕ್ಟರ ಮುಖದಲ್ಲಿ ನಗು. ಅಮಾಕ್ಸಿಸಿಲಿನ್ ಕುಡಿಯೋ ಮಕ್ಕಳಲ್ಲಿ ಐದನೇ ದಿನದಿಂದ ಏಳನೇ ದಿನದ ಸುಮಾರಿಗೆ ಹೀಗೆ ಚಪ್ಪಟೆ ಕೆಂಪು ಚುಕ್ಕಿ ಏಳೋದು ಮಾಮೂಲಂತೆ. ಎಷ್ಟೋ ಸಲ ಒಳಗಿರೋ ವೈರಸ್ಸೇ ಅದಕ್ಕೆ ಕಾರಣ. ನಿಜವಾದ ಅಲರ್ಜಿಯ ಗಂದೆ ಬೇರೆ ಥರ. ಉಬ್ಬಿಕೊಂಡಿರುತ್ತೆ, ವಿಪರೀತ ತುರಿಕೆ, ಒಂದು ಕಡೆ ಇಳಿದು ಇನ್ನೊಂದು ಕಡೆ ಏಳುತ್ತೆ. ನಾವು ಪಿತ್ತಗಂದೆ ಅಂತೀವಲ್ವಾ, ಥೇಟ್ ಹಾಗೆ. ಅದು ಸಾಮಾನ್ಯವಾಗಿ ಮಾತ್ರೆ ತಗೊಂಡ ಒಂದೆರಡು ಗಂಟೆಯೊಳಗೇ ಬರುತ್ತೆ. ಅದು ಬಂದರೆ ಮುಂದಿನ ಮಾತ್ರೆ ಮುಟ್ಟದೆ ಡಾಕ್ಟರಿಗೆ ಹೇಳಬೇಕು. ಚಪ್ಪಟೆ ಚುಕ್ಕಿಯಾದರೂ ಅಷ್ಟೇ, ಒಮ್ಮೆ ತೋರಿಸಿಯೇ ಮುಂದುವರಿಸೋದು ಒಳ್ಳೆಯದು.

ಆಮೇಲೆ ಒಂದು ದಿನ ಕರೆಸಿ, ಅವರ ಕಣ್ಣೆದುರೇ ಅಮಾಕ್ಸಿಸಿಲಿನ್ ನುಂಗಿಸಿದರು. ಒಂದು ಗಂಟೆಗೂ ಜಾಸ್ತಿ ಕೂರಿಸಿಕೊಂಡರು. ನರ್ಸ್ ಬಂದುಬಂದು ತುಟಿ ನೋಡಿದರು, ಬಿ.ಪಿ. ನೋಡಿದರು. ನಾನು ಹತ್ತು ನಿಮಿಷಕ್ಕೊಮ್ಮೆ ಶರ್ಟಿನ ತೋಳು ಮಡಚಿ ನೋಡಿಕೊಂಡೆ. ಏನೂ ಇಲ್ಲ. ಹನ್ನೊಂದು ವರ್ಷದ ಅಲರ್ಜಿ ಅಲ್ಲಿಗೆ ಹೋಯಿತು. (ಇದನ್ನು ಮನೆಯಲ್ಲಿ ಯಾರೂ ಮಾಡಿ ನೋಡಬೇಡಿ. ನಿಜವಾದ ಅಲರ್ಜಿ ಇದ್ದರೆ ಎದುರಿಗೆ ಜೀವ ಉಳಿಸೋ ಅಡ್ರಿನಲಿನ್ ಇಂಜೆಕ್ಷನ್ ಇರಬೇಕು.) ನಾನೊಬ್ಬನೇ ಏನಲ್ಲ. ಅಮೆರಿಕದಲ್ಲಿ 100ಕ್ಕೆ ಸುಮಾರು 10 ಜನ ತಮಗೆ ಪೆನ್ಸಿಲಿನ್ ಅಲರ್ಜಿ ಅಂತಾರೆ. ಪರೀಕ್ಷೆ ಮಾಡಿದರೆ ಅವರಲ್ಲಿ 10ಕ್ಕೆ 9 ಮಂದಿಗೆ ಇರೋದೇ ಇಲ್ಲ. ನಿಜವಾಗಿ ಇದ್ದವರಲ್ಲೂ ಬಹಳ ಮಂದಿಗೆ 10 ವರ್ಷ ಕಳೆಯೋದರೊಳಗೆ ಹೋಗಿರುತ್ತೆ. ಸುಳ್ಳು ಅಲರ್ಜಿಯಿಂದ ನಷ್ಟ ಇದೆ. ಬದಲಿಗೆ ಕೊಡೋ ಮಾತ್ರೆ ಎಷ್ಟೋ ಸಲ ಬೇಕಾದ್ದಕ್ಕಿಂತ ಜಾಸ್ತಿ ಬಗೆಯ ಬ್ಯಾಕ್ಟೀರಿಯಾಗಳನ್ನು ಕೊಂದುಹಾಕುತ್ತೆ.

ಇಷ್ಟು ಕೇಳಿ ಇಲ್ಲಿನ ಪದ್ಧತಿಯೇ ಮೇಲು ಅಂತೀನಿ ಅಂದುಕೊಂಡಿರಾ? ಇಲ್ಲ. ಮಾತ್ರೆ ಡಬ್ಬಿಯಲ್ಲಿ ಮೊಳ ಉದ್ದದ ಚೀಟಿ ಇಡುತ್ತಾರೆ. 10ರಲ್ಲಿ ಒಬ್ಬರಿಗೆ ಆಗೋದನ್ನೂ 10,000ದಲ್ಲಿ ಒಬ್ಬರಿಗೆ ಆಗೋದನ್ನೂ ಒಂದೇ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ. ನನ್ನ ಸಹೋದ್ಯೋಗಿ ಒಬ್ಬ ಅದನ್ನು ಪೂರ್ತಿ ಓದಿ ಮಾತ್ರೆಯನ್ನೇ ತಗೊಳ್ಳಲಿಲ್ಲ. ನಮ್ಮವರು ಚೀಟಿಯನ್ನು ಓದದೆ ಬಿಸಾಕುತ್ತಾರೆ. ಯಾರು ಜಾಣರು ಅಂತ ನನಗಂತೂ ಹೇಳೋಕಾಗಲ್ಲ.

ಆ ಚೀಟಿಯಲ್ಲಿ ನನ್ನ ಮಟ್ಟಿಗೆ ದಪ್ಪಕ್ಷರದಲ್ಲಿ ಇರಬೇಕಾದ್ದು ಕೆಲವೇ ಸಾಲು. ತುಟಿ, ನಾಲಿಗೆ, ಗಂಟಲು ಊದಿದರೆ, ಉಸಿರು ಕಟ್ಟಿದರೆ, ಕಣ್ಣು ಕತ್ತಲಿಟ್ಟರೆ ಫೋನಿನಲ್ಲಿ ಸಲಹೆ ಕೇಳುತ್ತಾ ಕೂರಬಾರದು, ಆಂಬುಲೆನ್ಸ್ ಕರೆಸಬೇಕು. ಚರ್ಮ ಬೊಬ್ಬೆ ಎದ್ದು ಸುಲಿದರೆ, ಬಾಯಿ, ಕಣ್ಣು ಹುಣ್ಣಾದರೆ ಆಗಲೂ ತಕ್ಷಣ ಆಸ್ಪತ್ರೆ. ನೀರಿನ ಹಾಗೆ ದಿನಕ್ಕೆ ಮೂರು ಸಲಕ್ಕಿಂತ ಜಾಸ್ತಿ ಬೇಧಿ, ಜೊತೆಗೆ ರಕ್ತವೋ ಜ್ವರವೋ ಹೊಟ್ಟೆ ಹಿಂಡೋ ನೋವೋ ಇದ್ದರೆ ಬೇಧಿ ನಿಲ್ಲಿಸೋ ಮಾತ್ರೆಯನ್ನು ನಾವೇ ನುಂಗಬಾರದು. ಅದು ಕ್ಲಾಸ್ಟ್ರಿಡಿಯಾಯ್ಡೀಸ್ ಡಿಫಿಸಿಲ್ ಅನ್ನೋ ಬ್ಯಾಕ್ಟೀರಿಯಾದ ಕೆಲಸ ಇರಬಹುದು. ಕೋರ್ಸ್ ಮುಗಿದು ಎರಡು ತಿಂಗಳಾದ ಮೇಲೂ ಅದು ಕಾಣಿಸಿಕೊಳ್ಳಬಹುದು. ಕಾಮಾಲೆಯೂ ಹಾಗೇ. ಕ್ಲಾವುಲನೇಟ್ ಇರೋ ಮಾತ್ರೆಯಿಂದ ಅಪರೂಪಕ್ಕೆ ಲಿವರ್ ಕೆಡುತ್ತೆ, ಅದರಲ್ಲೂ ವಯಸ್ಸಾದ ಗಂಡಸರಿಗೆ. ಮಾತ್ರೆ ಬಿಟ್ಟು ಕೆಲವು ವಾರ ಕಳೆದ ಮೇಲೆ ಕಣ್ಣು ಹಳದಿಯಾದರೆ ಆ ಮಾತ್ರೆ ಯಾರಿಗೆ ನೆನಪಿರುತ್ತೆ?

ಅದಕ್ಕೇ ಈಗ ಮಾತ್ರೆಯ ಹೆಸರು, ಶುರು ಮಾಡಿದ ದಿನ, ಏನಾದರೂ ಆದರೆ ಆದ ದಿನ ಮತ್ತು ಹೊತ್ತು ಬರೆದಿಡ್ತೀನಿ. ಗಂದೆ ಎದ್ದರೆ ಫೋನಿನಲ್ಲಿ ಒಂದು ಫೋಟೋ. ಡಾಕ್ಟರ ಹತ್ತಿರ ಹೋಗೋ ಹೊತ್ತಿಗೆ ಅದು ಮಾಯ ಆಗಿರುತ್ತೆ ನೋಡಿ.

ಹೋದ ತಿಂಗಳು ಅಮ್ಮನಿಗೇ ಹಲ್ಲಿನ ಸೋಂಕಿಗೆ 625 ಕೊಟ್ಟಿದ್ದರು. ಫೋನ್ ಮಾಡಿ ‘ಹೀಟಾಗಿದೆ’ ಅಂದಳು. ನಾನು ಬಾಯಿ ತೆರೆಯೋ ಮೊದಲೇ ಮುಂದುವರಿಸಿದಳು. ‘ಮೂರನೇ ದಿನ. ಎರಡು ಸಲ ಹೋಯ್ತು, ನೀರಿನ ಹಾಗೆ ಅಲ್ಲ. ಗಂದೆ ಇಲ್ಲ, ಜ್ವರ ಇಲ್ಲ. ಕ್ಯಾಲೆಂಡರ್ ಮೇಲೆ ಬರೆದಿದ್ದೀನಿ. ಇನ್ನೇನು ಕೇಳ್ತೀಯ ಕೇಳು.’