ಹೆಸರು ಹಿಡಿದು ಕರೆಯೋಕೆ ಇಷ್ಟೊಂದು ಮಾಂಗಾ ವಾಲ್ಯೂಮ್ ಬೇಕಾ? ಬೇಕು

ರೊಮ್ಯಾನ್ಸ್ ಮಾಂಗಾ, ಅಂದ್ರೆ ಜಪಾನಿನ ಪ್ರೇಮಕಥೆ ಕಾಮಿಕ್ಸ್ ಓದ್ತೀನಿ ಅಂದ ತಕ್ಷಣ ಜನ ಕೇಳೋದು, ಎಲ್ಲಾ ಒಂದೇ ಥರ ಇರುತ್ತಲ್ವಾ, ಬೋರ್ ಹೊಡಿಯಲ್ವಾ ಅಂತ. ಒಂದೇ ಥರ ಇರೋದು ನಿಜ. ಮಳೆ ಬರುತ್ತೆ, ಇಬ್ಬರಿಗೂ ಸೇರಿ ಒಂದೇ ಛತ್ರಿ. ಅವಳಿಗೆ ಜ್ವರ ಬಂದ್ರೆ ಅವನು ಮನೆಗೆ ಬಂದು ಗಂಜಿ ಮಾಡಿಕೊಡ್ತಾನೆ. ಫೆಬ್ರವರಿ 14ಕ್ಕೆ ಹುಡುಗಿ ಚಾಕ್ಲೇಟ್ ಕೊಟ್ರೆ ಮಾರ್ಚ್ 14ಕ್ಕೆ ಹುಡುಗ ವಾಪಸ್ ಏನಾದ್ರೂ ಕೊಡಬೇಕು. ಸ್ಕೂಲ್ ಫೆಸ್ಟ್, ಬೇಸಿಗೆ ಜಾತ್ರೆ, ಅಲ್ಲಿಗೆ ಯುಕಾತಾ ಅನ್ನೋ ತೆಳು ಕಿಮೋನೊ, ಪಟಾಕಿ. ಯಕ್ಷಗಾನದಲ್ಲಿ ಪ್ರಸಂಗ ಪೂರ್ತಿ ಗೊತ್ತಿದ್ರೂ ಬೆಳಗಿನ ತನಕ ಕೂತು ನೋಡ್ತೀವಲ್ಲ, ಹಾಗೇ ಇದೂ ನಂಗೆ ಸಾಕಾಗಲ್ಲ.

ಇದ್ರಲ್ಲಿ ನಂಗೆ ಎಲ್ಲಕ್ಕಿಂತ ಇಷ್ಟ ಆಗೋದು ಹೆಸರು ಕರೆಯೋ ಸೀನ್. ಜಪಾನಲ್ಲಿ ಕ್ಲಾಸ್‌ಮೇಟ್ಸ್ ಸಾಮಾನ್ಯವಾಗಿ ಒಬ್ಬರನ್ನೊಬ್ಬರು ಮನೆತನದ ಹೆಸರಿಂದ ಕರೀತಾರೆ, ಕೊನೆಗೆ ಸಾನ್ ಅಥವಾ ಕುನ್ ಅನ್ನೋ ಒಂದು ಮರ್ಯಾದೆಯ ಬಾಲ ಸೇರಿಸಿ. ಸ್ವಂತ ಹೆಸರಿಡಿದು ಕರೆಯೋಕೆ ಸಲಿಗೆ ಬೇಕು, ಬಾಲ ಏನೂ ಇಲ್ಲದೆ ಬರೀ ಹೆಸರು ಕರೆಯೋಕಂತೂ ಇನ್ನೂ ಜಾಸ್ತಿ ಬೇಕು. ಕೆಲವು ಇಂಗ್ಲಿಷ್ ಅನುವಾದಗಳಲ್ಲಿ ಇದನ್ನೆಲ್ಲ ತೆಗೆದುಹಾಕಿ ಮೊದಲ ಪುಟದಿಂದಲೇ ಬರೀ ಹೆಸರು ಹಾಕಿಬಿಡ್ತಾರೆ, ಆಮೇಲೆ ಆ ಹುಡುಗಿ ಯಾಕೆ ಹಂಗೆ ಕೆಂಪಾದ್ಳು ಅಂತ ಓದುವವರಿಗೆ ಗೊತ್ತೇ ಆಗಲ್ಲ. ನಮಗಾದ್ರೆ ಇದನ್ನ ಯಾರೂ ವಿವರಿಸಬೇಕಾಗಿಲ್ಲ. "ನೀವು" ಅಂತಿದ್ದವರು ಒಂದಿನ "ನೀನು" ಅಂದಾಗ ಏನಾಗುತ್ತೆ ಅಂತ ನಮಗೆ ಗೊತ್ತು. ನಮ್ಮಮ್ಮ ಇವತ್ತಿಗೂ ಅಪ್ಪನ ಹೆಸರು ಹೇಳಲ್ಲ, "ರೀ" ಅಷ್ಟೇ, ಬೇರೆಯವರ ಮುಂದೆ "ನಮ್ಮನೆಯವ್ರು".

ನಂಗೆ ಆಗದೇ ಇರೋದು ಪಟಾಕಿ ಸದ್ದಲ್ಲಿ ಮುಚ್ಚಿಹೋಗೋ ಪ್ರಪೋಸಲ್. ಅವನು ಹೇಳ್ತಾನೆ, ಅದೇ ಕ್ಷಣಕ್ಕೆ ಮೇಲೆ ಢಂ ಅನ್ನುತ್ತೆ, ಅವಳು "ಏನಂದೆ?" ಅಂತಾಳೆ, ಅವನು "ಏನಿಲ್ಲ ಬಿಡು" ಅಂತಾನೆ. ಏನಿಲ್ಲ ಅಂದ್ರೆ ಏನು, ಇಷ್ಟೊತ್ತು ಧೈರ್ಯ ಕೂಡಿಸಿದ್ದು ಯಾಕೆ! ಜಪಾನಲ್ಲಿ ಕೊಕುಹಾಕು ಅಂದ್ರೆ ಬಾಯಿಬಿಟ್ಟು "ನೀನಂದ್ರೆ ಇಷ್ಟ, ನನ್ ಜೊತೆ ಇರ್ತೀಯಾ" ಅಂತ ಕೇಳೋದು, ಹೆಚ್ಚಾಗಿ ಅದಾದ ಮೇಲೇನೇ ಅವರು ಜೋಡಿ ಅಂತ ಲೆಕ್ಕ. ಹಾಗಾಗಿ ಕಥೆ ಆ ಒಂದು ಮಾತಿಗೋಸ್ಕರ ಕಾಯೋದು ಸರಿನೇ, ಆದ್ರೆ ಕಾಯಿಸೋಕೆ ಪಾತ್ರದೊಳಗೆ ಕಾರಣ ಇರಬೇಕು. "ಕಿಮಿ ನಿ ತೊದೊಕೆ"ಯ ಸವಾಕೊಗೆ ಆ ಕಾರಣ ಇದೆ, ದೆವ್ವದ ಸಿನಿಮಾದ ಹೆಸರಿಟ್ಟು ಸದಾಕೊ ಅಂತ ಕರೆಸಿಕೊಂಡು ಬೆಳೆದ ಹುಡುಗಿ ಅವಳು, ತನ್ನನ್ನೂ ಯಾರಾದ್ರೂ ಇಷ್ಟಪಡಬಹುದು ಅಂತ ನಂಬೋಕೇ ಅವಳಿಗೆ ಟೈಮ್ ಬೇಕು. ಪಟಾಕಿಗೆ ಅಂಥ ಕಾರಣ ಏನಿದೆ?

ಹೇಳಿದ ಮೇಲೆ ಕಥೆ ಮುಗೀತು ಅನ್ನೋದೂ ಸುಳ್ಳು. "ಒರೆ ಮೊನೊಗತಾರಿ"ಯಲ್ಲಿ ತಕೆಓ ಮತ್ತೆ ಯಮಾತೊ ಮೊದಲ ವಾಲ್ಯೂಮಲ್ಲೇ ಜೋಡಿ ಆಗ್ತಾರೆ, ಆಮೇಲೆ ಇನ್ನೂ 12 ವಾಲ್ಯೂಮ್ ಇದೆ, ನಂಗೆ ಎಲ್ಲೂ ಸಪ್ಪೆ ಅನ್ನಿಸಿಲ್ಲ.

2019ರಲ್ಲಿ ಶುರುವಾದ "ಯುಬಿಸಾಕಿ ತೊ ರೆನ್‌ರೆನ್" ಓದಿ ನೋಡಿ. ಅದರ ಯುಕಿಗೆ ಹುಟ್ಟಿದಾಗಿನಿಂದ ಕಿವಿ ಕೇಳಲ್ಲ. ತುಟಿ ನೋಡಿ ಅರ್ಥ ಮಾಡ್ಕೋತಾಳೆ, ಫೋನಲ್ಲಿ ಟೈಪ್ ಮಾಡ್ತಾಳೆ, ಸನ್ನೆ ಭಾಷೆಯಲ್ಲಿ ಮಾತಾಡ್ತಾಳೆ, ಇತ್ಸುಓಮಿ ಅವಳಿಗೋಸ್ಕರ ಆ ಭಾಷೆ ಕಲೀತಾನೆ. ಕೇಳಿಸಿದ್ರೂ ಕೇಳಿಸಿಲ್ಲ ಅನ್ನೋ ಆಟಕ್ಕೆ ಅಲ್ಲಿ ಜಾಗಾನೇ ಇಲ್ಲ, ಪ್ರತಿ ಮಾತಿಗೂ ಇಬ್ಬರೂ ಮುಖಕ್ಕೆ ಮುಖ ಕೊಟ್ಟು ನಿಲ್ಲಬೇಕು, ಓದ್ತಾ ಓದ್ತಾ ನಾನೂ ಎಲ್ಲರ ಕೈಗಳನ್ನೇ ನೋಡ್ತಾ ಕೂತೆ.

ಇನ್ನು ಕಾಬೆಡೋನ್, ಹುಡುಗಿಯನ್ನ ಗೋಡೆಗೆ ನಿಲ್ಲಿಸಿ ಪಕ್ಕದಲ್ಲಿ ಡಬ್ ಅಂತ ಕೈ ಊರೋದು. 2014ರಲ್ಲಿ ಜಪಾನಿನ ವರ್ಷದ ಟಾಪ್ ಟೆನ್ ಪದಗಳಲ್ಲಿ ಇದೂ ಇತ್ತು, ಅಷ್ಟು ಫೇಮಸ್. ನಂಗೆ ಮಾತ್ರ ಅದು ದಾರಿ ಅಡ್ಡಗಟ್ಟಿದ ಹಾಗೇ ಕಾಣೋದು. 1992ರಲ್ಲಿ ಶುರುವಾದ "ಹನಾ ಯೋರಿ ದಾಂಗೊ"ದಲ್ಲಿ ದೋಮ್ಯೋಜಿ ಇಡೀ ಸ್ಕೂಲನ್ನೇ ನಾಯಕಿ ತ್ಸುಕುಶಿ ಮೇಲೆ ಛೂ ಬಿಡ್ತಾನೆ, ಆಮೇಲೆ ಅವನೇ ಹೀರೋ. ತ್ಸುಕುಶಿ ಅವನಿಗೆ ಗುದ್ದೋದು ನಂಗೆ ತುಂಬಾ ಇಷ್ಟ, ಅವನನ್ನ ಕ್ಷಮಿಸೋಕೆ ನನ್ನ ಕೈಲಿ ಆಗಿಲ್ಲ. ಹಿಂದೆ ಬಿದ್ದು ಕಾಡಿಸೋದನ್ನೇ ಪ್ರೀತಿ ಅಂತ ತೋರಿಸೋದನ್ನ ನಮ್ಮ ಸಿನಿಮಾಗಳಲ್ಲೇ ಬೇಕಾದಷ್ಟು ನೋಡಿದೀನಿ.

ಯಾರಾದ್ರೂ ಒಂದೇ ಒಂದು ಹೇಳು ಅಂದ್ರೆ ರುಮಿಕೊ ತಕಹಾಶಿಯ "ಮೆಝೋನ್ ಇಕ್ಕೋಕು" ಅಂತೀನಿ. 1980ರಿಂದ 87ರವರೆಗೆ ಬಂದಿದ್ದು, 15 ವಾಲ್ಯೂಮ್. ಕಥೆಯ ಹೀರೋ ಗೋದಾಯ್ ಇರೋ ಹಳೇ ವಠಾರವನ್ನ ನೋಡ್ಕೊಳ್ಳೋಕೆ ಬರೋ ಕ್ಯೋಕೊ ಚಿಕ್ಕ ವಯಸ್ಸಲ್ಲೇ ಗಂಡನ್ನ ಕಳ್ಕೊಂಡವಳು, ಸಾಕಿರೋ ನಾಯಿಗೆ ಅವನ ಹೆಸರೇ. ಗೋದಾಯ್ ಅವಳನ್ನ ಹೆಚ್ಚು ಕಮ್ಮಿ ಕಥೆಯುದ್ದಕ್ಕೂ "ಕಾನ್ರಿನಿನ್-ಸಾನ್" ಅಂತಾನೇ ಕರಿಯೋದು, ಅಂದ್ರೆ ಬಿಲ್ಡಿಂಗ್ ನೋಡ್ಕೊಳ್ಳೋರೇ ಅಂದ ಹಾಗೆ. ಕೊನೆ ಹತ್ರ ಅವನು ಆ ಗಂಡನ ಸಮಾಧಿ ಮುಂದೆ ನಿಂತು, ಅವಳ ಮನಸ್ಸಲ್ಲಿರೋ ನಿಮ್ಮನ್ನೂ ಸೇರಿಸಿಕೊಂಡೇ ಅವಳನ್ನ ಕರ್ಕೊಂಡು ಹೋಗ್ತೀನಿ ಅಂತಾನೆ. ಕ್ಯೋಕೊ ಅವನನ್ನ ಕೇಳಿದ್ದು ಒಂದೇ, ನನಗಿಂತ ಒಂದು ದಿನವಾದ್ರೂ ಜಾಸ್ತಿ ಬದುಕಿ ಅಂತ. ಆ ಪುಟ ನಾನು ಎಷ್ಟು ಸಲ ಓದಿದೀನೋ ಲೆಕ್ಕ ಇಲ್ಲ, ಪ್ರತಿ ಸಲವೂ ಅಲ್ಲಿಗೆ ಬಂದಾಗ ಸ್ವಲ್ಪ ಹೊತ್ತು ಮುಂದಕ್ಕೆ ಓದೋಕಾಗಲ್ಲ.