ಸತ್ಯಾಂಶ: ಗೋಲ್ಡನ್ ಸ್ಕೋರ್‌ನಲ್ಲಿ ಒಂದು ಶಿಡೊ ಬಿದ್ದರೆ ಸೋತಂತೆಯೇ?

ಬೆಳಗಾವಿಯಲ್ಲಿ ಜೂಡೊ ಕಲಿಯುವ ಮಕ್ಕಳ ಪಾಲಕರ ನಡುವೆ ಒಂದು ವಾಟ್ಸಾಪ್ ಮೆಸೇಜ್ ಓಡಾಡುತ್ತಿದೆ: "ಹೆಚ್ಚುವರಿ ಸಮಯಕ್ಕೆ ಹೋದರೆ ಹಳೆಯ ಶಿಡೊಗಳೆಲ್ಲ (ತಪ್ಪಿಗೆ ಬೀಳುವ ದಂಡ) ಅಳಿಸಿಹೋಗುತ್ತವೆ. ಅಲ್ಲಿ ಮೊದಲ ಶಿಡೊ ಬಿದ್ದವರು ಸೋತರು." ಎರಡೂ ತಪ್ಪು.

ಹಿರಿಯರ ಪಂದ್ಯ 4 ನಿಮಿಷ. ಅಂಕ ಸಮವಿದ್ದರೆ ಗೋಲ್ಡನ್ ಸ್ಕೋರ್, ಅಂದರೆ ಹೆಚ್ಚುವರಿ ಸಮಯ. ಅದಕ್ಕೆ ಸಮಯದ ಮಿತಿಯಿಲ್ಲ. ಮೊದಲು ಅಂಕ ತೆಗೆದವರು ಗೆದ್ದರು. ಪೂರ್ಣ ಅಂಕವಾದ ಇಪ್ಪಾನೇ ಬೇಕಂತಿಲ್ಲ. ಅದಕ್ಕಿಂತ ಕೆಳಗಿನ ವಾಝಾ-ಅರಿ ಸಾಕು, 2025ರಲ್ಲಿ ಮರಳಿ ಬಂದ, ಇನ್ನೂ ಚಿಕ್ಕ ಅಂಕವಾದ ಯೂಕೊ ಕೂಡ ಸಾಕು.

ಶಿಡೊ ಅಂಕವಲ್ಲ, ತಪ್ಪಿನ ಲೆಕ್ಕ. ಅದು ಬೋರ್ಡಿನ ಮೇಲೆ ಹಾಗೇ ಉಳಿಯುತ್ತದೆ. ಮೂರನೆಯದು ಬಿದ್ದರೆ ಹನ್ಸೊಕು-ಮಾಕೆ, ಅಂದರೆ ಸೋಲು. ಎರಡು ಶಿಡೊ ಹೊತ್ತು ಬಂದ ಹುಡುಗಿ ದಾಳಿ ಮಾಡದೆ ಸುಮ್ನೆ ಸುತ್ತುತ್ತಿದ್ದರೆ, ರೆಫರಿ ಎದೆಯ ಮುಂದೆ ಎರಡೂ ಮುಂಗೈ ಸುತ್ತಿಸಿ ಅವಳತ್ತ ಬೆರಳು ತೋರಿಸುತ್ತಾರೆ. ಅಲ್ಲಿಗೆ ಮುಗೀತು. ಅದೇ, ಒಂದೂ ಶಿಡೊ ಇಲ್ಲದವಳಿಗೆ ಮೊದಲನೆಯದು ಬಿದ್ದರೆ ಆಟ ಮುಂದುವರಿಯುತ್ತದೆ. ದಣಿದ ಕಾಲುಗಳಿಗೆ ಇದೇ ದೊಡ್ಡ ಪರೀಕ್ಷೆ ಅನ್ನಿ.

ಮೆಸೇಜು ಪೂರ್ತಿ ಕಟ್ಟುಕಥೆಯೇನಲ್ಲ. ಹಿಂದೆ ಗೋಲ್ಡನ್ ಸ್ಕೋರ್‌ನಲ್ಲಿ ಒಂದು ಶಿಡೊ ಜಾಸ್ತಿಯಾದರೂ ಪಂದ್ಯ ಮುಗಿಯುತ್ತಿತ್ತು. 2018ರಲ್ಲಿ ಆ ನಿಯಮ ಕೈಬಿಟ್ಟರು.